ನಾಲ್ಕು ಖಾನೆಗಳ ಅರ್ಜಿ

ಮೇ ೩

ಅಮ್ಮಾ,

ದೊಡ್ಡಮ್ಮ ಈಗ ಮಂಚದ ಕಂಬಿ ಹಿಡಿದು ಎದ್ದು ಕೂರುವಷ್ಟಾಗಿದ್ದಾರೆ. ಸೊಂಟದ ಮೂಳೆ ಪೂರ್ತಿ ಕೂಡಿಕೊಳ್ಳಲು ಇನ್ನೂ ನಾಲ್ಕು ತಿಂಗಳಾದರೂ ಬೇಕು ಎಂದು ಡಾಕ್ಟರು ಹೇಳಿದರು. ಬಾಯಿಗೇನೂ ಪೆಟ್ಟಾಗಿಲ್ಲ ಅಂತ ತಮ್ಮ ತಂಗಿಗೆ, ಅಂದರೆ ನಿನಗೆ, ಬರೆಯಲು ಹೇಳಿದ್ದಾರೆ. ಅದನ್ನು ಬೇರೆ ಬರೆಯಬೇಕೆ? ಹಾಸಿಗೆಯ ಚಾದರ ನಾನು ಹಾಸುವ ರೀತಿ ಸರಿಯಿಲ್ಲವಂತೆ. ದಿನಕ್ಕೆ ನಾಲ್ಕು ಸಲ ಹಾಸುತ್ತಿದ್ದೇನೆ, ನಾಲ್ಕು ಸಲವೂ ಸರಿಯಿಲ್ಲ.

ಅಂಕಪಟ್ಟಿ ಬಂತು. ವಿಜ್ಞಾನದಲ್ಲಿ ತೊಂಬತ್ತೊಂದು. ಜೊತೆಗೆ ಪ್ರವೇಶ ಕಚೇರಿಯ ಕೈಪಿಡಿಯೂ ಬಂದಿದೆ, ಮೂರು ಸಲ ಓದಿ ತಲೆ ಕೆಟ್ಟುಹೋಗಿದೆ. ಸರ್ಕಾರದ ವಿಶ್ವವಿದ್ಯಾಲಯ ಅಂದರೆ ಒಂದೇ ತರಹ ಎಂದುಕೊಂಡಿದ್ದೆ. ನಾಲ್ಕು ತರಹ ಇವೆ. ರಾಜಧಾನಿಯ ಹಳೆಯ ವಿಶ್ವವಿದ್ಯಾಲಯ, ಅದು ಕೇಂದ್ರದ್ದು, ಸಂಶೋಧನೆಗೆ ಹೆಸರಾದದ್ದು. ಕಲ್ಲು ಮಣ್ಣು ಓದುವ ಭೂವಿಜ್ಞಾನ ವಿಭಾಗ ಇರುವುದು ಅಲ್ಲಿ ಮಾತ್ರ. ನಮ್ಮೂರಿನ ರಾಜ್ಯ ವಿಶ್ವವಿದ್ಯಾಲಯ ನಿನಗೆ ಗೊತ್ತೇ ಇದೆ, ಒಂದೊಂದು ತರಗತಿಗೆ ಇನ್ನೂರು ಜನ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೂರು ದಿನ ಪಾಠ, ಮೂರು ದಿನ ಕಾರ್ಖಾನೆ. ಓದು ಮುಗಿಯುವ ಮೊದಲೇ ಕೆಲಸ ಗಟ್ಟಿ. ಕೊನೆಯದು ಮುಕ್ತ ವಿಶ್ವವಿದ್ಯಾಲಯ, ಪಾಠವೆಲ್ಲ ಅಂಚೆಯಲ್ಲಿ, ಇದ್ದಲ್ಲೇ ಕೂತು ಓದುವುದು.

ನಾಲ್ಕಕ್ಕೂ ಒಂದೇ ಅರ್ಜಿ. ಅದರಲ್ಲಿ ನಾಲ್ಕು ಖಾನೆ. ಮೊದಲ ಖಾನೆಯಲ್ಲಿ ಬರೆದದ್ದು ಸಿಕ್ಕರೆ ಮಿಕ್ಕ ಮೂರೂ ರದ್ದು. ಆ ಅರ್ಜಿ ಕೊಡುವುದು, ತೆಗೆದುಕೊಳ್ಳುವುದು ಎರಡೂ ಅವರವರ ಊರಿನ ಕಚೇರಿಯಲ್ಲೇ, ಅಂದರೆ ನನಗೆ ನಮ್ಮೂರಿನಲ್ಲೇ, ನಾನಾಗಲಿ ನೀನಾಗಲಿ ಕೈಯಾರೆ ಕೊಡಬೇಕು, ಈ ತಿಂಗಳ ಕೊನೆಯೊಳಗೆ. ನೀನು ಏನು ಹೇಳುತ್ತೀ?

ನಿನ್ನ
ಮಗಳು


ಮೇ ೯

ಪುಟ್ಟೀ,

ತೊಂಬತ್ತೊಂದು ಎಂದು ಓದಿ ಗೋದಾಮಿನಲ್ಲೇ ಕೂತುಬಿಟ್ಟೆ. ಹಮಾಲರು ಏನೋ ಆಯಿತೆಂದು ನೀರು ತಂದರು. ಆಮೇಲೆ ಪತ್ರವನ್ನು ಎಲ್ಲರಿಗೂ ಓದಿ ಹೇಳಿದೆ. ತಪ್ಪು ಮಾಡಿದೆ. ಈಗ ಪಾರ್ಸೆಲ್ ಹೊರುವ ಹದಿನಾಲ್ಕು ಜನರಿಗೂ ನಿನ್ನ ಓದಿನ ಬಗ್ಗೆ ಒಂದೊಂದು ಅಭಿಪ್ರಾಯ ಇದೆ.

ಮೇಸ್ತ್ರಿ ತಾಂತ್ರಿಕ ಅನ್ನುತ್ತಾನೆ. ಅವನ ಮಗ ಅಲ್ಲೇ ಓದಿ ಈಗ ಪಂಪು ತಯಾರಿಸುವ ಕಡೆ ಇದ್ದಾನೆ, ಮನೆಗೆ ನಡೆದೇ ಬಂದು ಊಟ ಮಾಡಿ ಹೋಗುತ್ತಾನೆ. ದೂರದ ದಾರಿಯ ಲಾರಿ ಓಡಿಸುವವನ ತಂಗಿಯ ಮಗಳು ನೀನು ಹೇಳಿದ ಆ ಹಳೆಯ ವಿಶ್ವವಿದ್ಯಾಲಯಕ್ಕೆ ಹೋಗಿದ್ದಳಂತೆ. ಮೂರು ವರ್ಷಕ್ಕೆ ಮನೆಗೆ ಬಂದವಳು ಅಡುಗೆಮನೆಗೆ ಹೋಗಲು ಅವರಮ್ಮನ ಅಪ್ಪಣೆ ಕೇಳಿದಳಂತೆ, ನೆಂಟರ ಮನೆಯಲ್ಲಿ ಕೇಳುತ್ತಾರಲ್ಲ, ಹಾಗೆ. ಅದನ್ನು ಹೇಳಿ ಅವನು ನಕ್ಕ. ನನಗೆ ನಗು ಬರಲಿಲ್ಲ.

ನಾನು ಏನೂ ಹೇಳುವುದಿಲ್ಲ. ಓದುವವಳು ನೀನು. ನನಗೆ ಗೊತ್ತಿರುವುದು ಲೋಡಿಂಗ್ ಚೀಟಿ ಬರೆಯುವುದು ಒಂದೇ. ನಿನ್ನೆ ಹೊಸಬನೊಬ್ಬ ನನ್ನ ಚೀಟಿ ನೋಡದೆ ಲಾರಿ ತುಂಬಿ, ಮೊದಲ ಊರಿನಲ್ಲಿ ಇಳಿಸಬೇಕಾದ್ದನ್ನು ಒಳಗೆ ತುರುಕಿ, ಕೊನೆಯ ಊರಿನದ್ದನ್ನು ಬಾಗಿಲಿಗೆ ಇಟ್ಟಿದ್ದ. ಪೂರ್ತಿ ಖಾಲಿ ಮಾಡಿಸಿ ಮತ್ತೆ ತುಂಬಿಸಬೇಕಾಯಿತು. ನಿಂತು ನಿಂತು ಕಾಲು ಬಾತು ಚಪ್ಪಲಿಗೆ ಹಿಡಿಯುತ್ತಿಲ್ಲ.

ನೀನು ಚಿಕ್ಕವಳಿದ್ದಾಗ ಲಾರಿ ಟೈರುಗಳಲ್ಲಿ ಸಿಕ್ಕಿಕೊಂಡ ಕಲ್ಲು ಕೀಳುತ್ತಾ ಕೂರುತ್ತಿದ್ದೆ, ಇದು ಯಾವ ಊರಿನದು ಅದು ಯಾವ ಊರಿನದು ಎಂದು ಡ್ರೈವರುಗಳ ಪ್ರಾಣ ತಿನ್ನುತ್ತಾ. ಅವರಿಗೆ ಇನ್ನೂ ನೆನಪಿದೆ. ಯೋಚಿಸಿ ಬರೆ. ಅವಸರ ಮಾಡಬೇಡ. ನಾನು ಏನೂ ಹೇಳುವುದಿಲ್ಲ.

ನಿನ್ನ
ಅಮ್ಮ


ಮೇ ೧೬

ಅಮ್ಮಾ,

ಏನೂ ಹೇಳುವುದಿಲ್ಲ ಎಂದು ಎರಡು ಸಲ ಬರೆದಿದ್ದೀಯ. ಅಷ್ಟರಲ್ಲೇ ಎಲ್ಲ ಹೇಳಿದ್ದೀಯ ಬಿಡು.

ಯೋಚಿಸಿದೆ. ತಾಂತ್ರಿಕದಲ್ಲಿ ಸೇರಿದರೆ ಅನ್ನಕ್ಕೆ ತೊಂದರೆಯಿಲ್ಲ, ಒಪ್ಪುತ್ತೇನೆ. ಆದರೆ ಪಂಪು ತಯಾರಿಸುವುದರಲ್ಲಿ ನನಗೆ ಮನಸ್ಸಿಲ್ಲ. ಪಂಪು ಎಳೆಯುವ ನೀರು ಯಾವ ಬಂಡೆಯ ಕೆಳಗಿನಿಂದ ಬರುತ್ತದೆ ಎನ್ನುವುದರಲ್ಲಿ ಮನಸ್ಸಿದೆ. ಅದನ್ನು ಹೇಳಿಕೊಡುವವರು ಇರುವುದು ಒಂದೇ ಕಡೆ. ದೂರ ಎಂದು ಗೊತ್ತು. ರೈಲಿನಲ್ಲಿ ಒಂದೂವರೆ ದಿನ.

ಆದ್ದರಿಂದ ನನ್ನ ಕ್ರಮ ಇದು: ಮೊದಲು ಹಳೆಯ ವಿಶ್ವವಿದ್ಯಾಲಯ. ಅದು ಆಗದಿದ್ದರೆ ನಮ್ಮೂರಿನ ರಾಜ್ಯದ್ದು. ಅದೂ ಆಗದಿದ್ದರೆ ತಾಂತ್ರಿಕ. ಯಾವುದೂ ಇಲ್ಲವಾದರೆ ಕೊನೆಗೆ ಮುಕ್ತ. ಅದರಲ್ಲಿ ಪ್ರಯೋಗಾಲಯವೇ ಇಲ್ಲ, ಖಾನೆ ಖಾಲಿ ಬಿಡುವ ಹಾಗಿಲ್ಲವೆಂದು ಬರೆಯುವುದು ಅಷ್ಟೆ. ಹೋದ ವರ್ಷ ಸೀಟು ಸಿಕ್ಕವರ ಅಂಕ ನೋಡಿದರೆ ಹಳೆಯದರಲ್ಲಿ ನನಗೆ ಖಂಡಿತ ಸಿಗುತ್ತದೆ.

ಬರಲು ಆಗುವುದಿಲ್ಲ ಅಮ್ಮ. ದೊಡ್ಡಮ್ಮನನ್ನು ಒಬ್ಬರೇ ಬಿಟ್ಟು ಹೇಗೆ ಬರಲಿ? ನೀನೇ ಅರ್ಜಿ ತೆಗೆದುಕೊಂಡು, ತುಂಬಿ, ಪೋಷಕರ ಸಹಿ ಹಾಕಿ ಕೊಟ್ಟುಬಿಡು. ಅಂಕಪಟ್ಟಿಯ ನಕಲು ಇದರ ಜೊತೆ ಇಟ್ಟಿದ್ದೇನೆ.

ನಿನ್ನ
ಮಗಳು


ಮೇ ೨೭

ಪುಟ್ಟೀ,

ಅರ್ಜಿ ಕೊಟ್ಟು ಬಂದೆ. ಗೋದಾಮಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಕೂತು ತುಂಬಿದೆ, ಹಾಗೇ ಕಚೇರಿಗೆ ನಡೆದೆ. ಸರತಿಯಲ್ಲಿ ಎರಡು ಗಂಟೆ. ರಸೀದಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಅಕ್ಕನ ಔಷಧಿ ಮರೆಯಬೇಡ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ


ಜುಲೈ ೨

ಅಮ್ಮಾ,

ಇವತ್ತು ಪ್ರವೇಶ ಕಚೇರಿಯ ಪತ್ರ ಬಂತು. "ತಮ್ಮ ಮೊದಲ ಆಯ್ಕೆಯಾದ ಮುಕ್ತ ವಿಶ್ವವಿದ್ಯಾಲಯದಲ್ಲಿ ತಮಗೆ ಪ್ರವೇಶ ದೊರೆತಿದೆ, ಅಭಿನಂದನೆಗಳು."

ಅಭಿನಂದನೆಗಳಂತೆ.

ಮುಕ್ತದಲ್ಲಿ ಕೇಳಿದವರಿಗೆಲ್ಲ ಸಿಗುತ್ತದೆ, ಮೊದಲ ಖಾನೆಯಲ್ಲಿ ಬರೆದಮೇಲೆ ಕೇಳಬೇಕೆ? ಮಿಕ್ಕ ಮೂರೂ ರದ್ದಾಗಿವೆ. ನಾನು ಬರೆದ ಪತ್ರ ನಿನ್ನ ಹತ್ತಿರವೇ ಇದೆ, ತೆಗೆದು ನೋಡು. ಕೊನೆಗೆ ಮುಕ್ತ ಎಂದು ಬರೆದಿದ್ದೆ.

ದೊಡ್ಡಮ್ಮನಿಗೆ ಖುಷಿಯಾಗಿದೆ, ಮುಚ್ಚಿಡಲು ಅವರಿಗೆ ಬರುವುದಿಲ್ಲ. ಇಲ್ಲೇ ಕೂತು ಓದಬಹುದಲ್ಲ ಎಂದರು. ಹೌದು, ಎಲ್ಲರಿಗೂ ಅನುಕೂಲವಾಯಿತು. ಅವರನ್ನು ನೋಡಿಕೊಳ್ಳಲು ಒಬ್ಬಳು ಇದ್ದ ಹಾಗಾಯಿತು, ನಿನಗೆ ಮಗಳು ದೂರ ಹೋಗಲಿಲ್ಲ ಎಂದಾಯಿತು. ನೇರವಾಗಿ ಹೋಗಬೇಡ ಎಂದಿದ್ದರೆ ಜಗಳ ಆಡುತ್ತಿದ್ದೆ. ಜಗಳವಾದರೂ ಆಗುತ್ತಿತ್ತು.

ಮಗಳು


ಜುಲೈ ೮

ಪುಟ್ಟೀ,

ನಿನ್ನ ಪತ್ರ ಓದಿ ರಸೀದಿ ತೆಗೆದು ನೋಡಿದೆ. ಅದರ ಜೊತೆ ಅರ್ಜಿಯ ನಕಲು ಇದೆ. ಒಂದನೇ ಖಾನೆಯಲ್ಲಿ ಮುಕ್ತ, ಎರಡರಲ್ಲಿ ತಾಂತ್ರಿಕ, ಮೂರರಲ್ಲಿ ರಾಜ್ಯದ್ದು, ನಾಲ್ಕರಲ್ಲಿ ಹಳೆಯದು. ನನ್ನ ಅಕ್ಷರವೇ.

ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು ಚೀಟಿ ಬರೆಯುತ್ತಿದ್ದೇನೆ. ಲಾರಿ ಮೊದಲು ಹೋಗುವ ಊರಿನ ಪಾರ್ಸೆಲ್ ಕೊನೆಗೆ ಏರಬೇಕು, ಆಗ ತಾನೇ ಬಾಗಿಲ ಹತ್ತಿರ ಸಿಗುವುದು? ಅದಕ್ಕೆ ಚೀಟಿಯಲ್ಲಿ ಕೊನೆಯ ಊರನ್ನು ಒಂದನೇ ಸಾಲಿಗೆ ಬರೆಯುತ್ತೇವೆ, ಮೊದಲು ಮುಟ್ಟುವ ಊರನ್ನು ಕೊನೆಯ ಸಾಲಿಗೆ. ಅಂಗಡಿಗೆ ಸಾಮಾನಿನ ಚೀಟಿ ಬರೆದರೂ ಬೇಕೇಬೇಕಾದ್ದು ಕೊನೆಗೆ ಬರೆಯುತ್ತೇನೆ ಎಂದು ನೀನೇ ನಗುತ್ತಿದ್ದೆಯಲ್ಲ. ಅವತ್ತು ಬೆಳಗ್ಗೆಯಿಂದ ಒಂಬತ್ತು ಲಾರಿಗೆ ಚೀಟಿ ಬರೆದಿದ್ದೆ, ಅದೇ ಮೇಜಿನ ಮೇಲೆ, ಅದೇ ಪೆನ್ನಿನಲ್ಲಿ ನಿನ್ನ ಅರ್ಜಿ ಬರೆದೆ. ಕೈ ತಾನಾಗಿಯೇ ಓಡಿದೆ. ನಿನ್ನ ಹಳೆಯ ವಿಶ್ವವಿದ್ಯಾಲಯವನ್ನು ಬಾಗಿಲಿಗೇ ಇಟ್ಟಿದ್ದೆ ಕಣೇ.

ಮೇಲ್ಮನವಿ ಕೊಡಲು ಅವಕಾಶ ಇದೆಯಂತೆ. ವಿಚಾರಣೆ ಇಪ್ಪತ್ತೈದಕ್ಕೆ. ಮೇಸ್ತ್ರಿಯ ಸಹಿ ಹಾಕಿಸಿ ನೂರು ಹಳೆಯ ಚೀಟಿ ಒಯ್ಯುತ್ತೇನೆ. ಕಾಲು ಹಿಡಿದಾದರೂ ತಿದ್ದಿಸುತ್ತೇನೆ.

ಅಮ್ಮ


ಜುಲೈ ೧೪

ಅಮ್ಮಾ,

ಕೈತಪ್ಪು ಎಂದು ನಂಬಿದೆ. ನಂಬಿದ ಮೇಲೆ ಅತ್ತುಬಿಟ್ಟೆ. ನೀನು ಸಾಮಾನಿನ ಚೀಟಿ ಬರೆಯುವುದು ನನಗೆ ಗೊತ್ತಿಲ್ಲವೆ?

ಆದರೆ ಒಂದು ಮಾತು. ಇಲ್ಲಿ ಪಕ್ಕದ ಮನೆಯಲ್ಲಿ ದರ್ಜಿಯೊಬ್ಬರಿದ್ದಾರೆ. ಅವರ ಮಗಳೂ ಈ ಸಲವೇ ಅರ್ಜಿ ಕೊಟ್ಟಳು. ಕಿಟಕಿಯಲ್ಲಿ ಗುಮಾಸ್ತರು ನಾಲ್ಕು ಖಾನೆಯನ್ನೂ ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಿ, ಹೂಂ ಅಂದಮೇಲೇ ಮೊಹರು ಹಾಕುತ್ತಾರಂತೆ. ಎಲ್ಲ ಊರಿನಲ್ಲೂ ಅದೇ ನಿಯಮವಂತೆ.

ನಿನಗೆ ಓದಿ ಹೇಳಲಿಲ್ಲವಾ?

ಮಗಳು


ಜುಲೈ ೨೮

ಪುಟ್ಟೀ,

ನಿನ್ನ ಪ್ರಶ್ನೆಗೆ ವಿಚಾರಣೆ ಮುಗಿಸಿಕೊಂಡೇ ಉತ್ತರ ಬರೆಯೋಣ ಎಂದುಕೊಂಡೆ. ಮುಗಿಯಿತು. ಸೀಟು ಸಿಗಲಿಲ್ಲ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಹುಡುಕಿಕೊಂಡು ಓದುವ ಕಷ್ಟ ನಿನಗೆ ಬೇಡ.

ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಕಡತಗಳು, ಕಿಟಕಿಗೆ ಪರದೆಯಿಲ್ಲದೆ ಬಿಸಿಲೆಲ್ಲ ನನ್ನ ಮುಖದ ಮೇಲೆ. ಪ್ರವೇಶಾಧಿಕಾರಿ ನನಗಿಂತ ಚಿಕ್ಕ ಹೆಂಗಸು, ಒಳ್ಳೆಯವಳು. ಲೋಡಿಂಗ್ ಚೀಟಿಗಳನ್ನು ಒಂದೊಂದಾಗಿ ನೋಡಿದಳು. ಇಷ್ಟು ವರ್ಷದಲ್ಲಿ ಇಂಥ ಕಾರಣ ಕೇಳಿದ್ದು ಇದೇ ಮೊದಲು ಎಂದು ನಕ್ಕಳು, ನಂಬಿದಳು ಕೂಡ. ಆಮೇಲೆ ನೀನು ಕೇಳಿದ್ದನ್ನೇ ಕೇಳಿದಳು. ಕಿಟಕಿಯ ಗುಮಾಸ್ತರು ಅಲ್ಲೇ ಬಾಗಿಲ ಬಳಿ ನಿಂತಿದ್ದರು. ನರೆತ ಮೀಸೆ, ಕೈಯಲ್ಲಿ ಊಟದ ಡಬ್ಬಿ. ಅವರು ಓದಿ ಹೇಳಲಿಲ್ಲ ಎಂದು ನಾನು ಬರೆದುಕೊಟ್ಟರೆ ತಪ್ಪು ಕಚೇರಿಯದಾಗುತ್ತದೆ, ಅರ್ಜಿ ತಿದ್ದಬಹುದು ಎಂದಳು. ಓದಿ ಹೇಳಿದ್ದರೆ ತಿದ್ದುವ ಹಾಗಿಲ್ಲ. ಗುಮಾಸ್ತರಿಗೆ ನಾನು ಯಾರೆಂದು ನೆನಪಿರಲಿಲ್ಲ. ದಿನಕ್ಕೆ ಮುನ್ನೂರು ಜನ ಅವರ ಕಿಟಕಿಗೆ. ನೆಲ ನೋಡುತ್ತಾ ನಿಂತಿದ್ದರು.

"ಓದಿ ಹೇಳಿದ್ರು," ಅಂದೆ. "ಸರಿ ತಾನೇ ಅಂತ ಕೇಳಿದ್ರು. ಹೂಂ ಅಂದೆ."

ಕೇಳಿಸಲಿಲ್ಲವೇ ಎಂದಳು. ಗದ್ದಲವಿತ್ತೇ ಎಂದಳು. ಪಾಪ, ದಾರಿ ಮಾಡಿಕೊಡುತ್ತಲೇ ಇದ್ದಳು. ನನ್ನ ಕಿವಿ ನೆಟ್ಟಗಿದೆ ಎಂದೆ.

ಈಗ ನಿನಗೆ ಪೂರ್ತಿ ಹೇಳುತ್ತೇನೆ. ಬರೆದದ್ದು ಕೈತಪ್ಪು, ಅದರಲ್ಲಿ ಸುಳ್ಳಿಲ್ಲ. ಆದರೆ ಅವರು "ಮೊದಲನೆಯದು ಮುಕ್ತ" ಎಂದು ಓದಿದ ಕೂಡಲೇ ನನಗೆ ತಿಳಿಯಿತು. ಅಯ್ಯೋ ಉಲ್ಟಾ ಬರೆದೆನಲ್ಲ ಎಂದು ಬಾಯಿ ತೆರೆದೆ. ಕೊಡಿ, ತಿದ್ದುತ್ತೇನೆ ಎಂದಿದ್ದರೆ ಆಗಿಹೋಗುತ್ತಿತ್ತು. ಅಷ್ಟರಲ್ಲಿ ಅವರು ಎರಡನೆಯದು, ಮೂರನೆಯದು ಓದಿದರು. ಕೊನೆಗೆ ಹಳೆಯದರ ಹೆಸರು ಬಂತು. ರೈಲಿನಲ್ಲಿ ಒಂದೂವರೆ ದಿನ ಎಂದು ನೀನು ಬರೆದದ್ದು ತಲೆಗೆ ಬಂತು. ನಿಮ್ಮಪ್ಪ ಹೋದಮೇಲೆ ಆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ನೀನು ಅಕ್ಕನ ಮನೆಗೆ ಹೋದ ಈ ನಾಲ್ಕು ತಿಂಗಳು ನಾನು ಗೋದಾಮಿನಿಂದ ಬಂದು ದೀಪ ಕೂಡ ಹಾಕುವುದಿಲ್ಲ, ಕತ್ತಲಾಗುವ ತನಕ ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಇನ್ನು ಮೂರು ವರ್ಷ, ಆಮೇಲೆ ಇನ್ನೆಷ್ಟೋ. ನನಗೆ ತುಂಬ ಸುಸ್ತಾಗಿತ್ತು ಪುಟ್ಟೀ. ಸರಿ ತಾನೇ ಎಂದು ಅವರು ಕೇಳಿದರು. ಹೂಂ ಅಂದೆ. ಮೊಹರು ಬಿತ್ತು.

ಮನೆಗೆ ನಡೆಯುತ್ತಾ, ತಪ್ಪು ಆದದ್ದು ತಾನೇ, ನಾನು ಮಾಡಿದ್ದಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ತಿಂಗಳು ಅದನ್ನೇ ಹೇಳಿಕೊಂಡು ಬಂದೆ. ಈ ತಿಂಗಳ ಮೊದಲಲ್ಲಿ ನಿನಗೂ ಅದನ್ನೇ ಬರೆದೆ, ಅರ್ಧ ಬರೆದು ಅರ್ಧ ನುಂಗಿದೆ. ಆ ಗುಮಾಸ್ತರ ಮೇಲೆ ಹಾಕಿದ್ದರೆ ಮೂರನೆಯ ಸಲವಾಗುತ್ತಿತ್ತು. ಬಾಯಿ ಬರಲಿಲ್ಲ.

ಬಯ್ಯಬೇಕು ಅನ್ನಿಸಿದರೆ ಬಯ್ದು ಬರೆ. ಬರೆಯದೆ ಮಾತ್ರ ಇರಬೇಡ.

ಅಮ್ಮ


ಆಗಸ್ಟ್ ೪

ಅಮ್ಮಾ,

ಆ ಗುಮಾಸ್ತರಿಗೋಸ್ಕರ ನೀನು ನಿಜ ಹೇಳಿದೆ. ನನಗೋಸ್ಕರ ಹೇಳಬೇಕಾಗಿದ್ದ ದಿನ ಸುಮ್ಮನಿದ್ದೆ.

ಸದ್ಯಕ್ಕೆ ಇಷ್ಟೇ.


ಅಕ್ಟೋಬರ್ ೧೧

ಪುಟ್ಟೀ,

ನಿನ್ನ ಆಗಸ್ಟಿನ ಪತ್ರದ ಮೇಲೆ ಇದು ನಾನು ಬರೆಯುತ್ತಿರುವ ನಾಲ್ಕನೆಯ ಪತ್ರ. ಉತ್ತರ ಕೇಳುತ್ತಿಲ್ಲ. ಅಕ್ಕ ಪಕ್ಕದ ಮನೆಯವರ ಕೈಲಿ ಬರೆಸಿದ್ದಳು, ಕೋಲು ಹಿಡಿದು ಬಾಗಿಲ ತನಕ ನಡೆಯುತ್ತಾಳಂತೆ, ನೀನು ಅಡುಗೆಮನೆಯ ಮೇಜಿನ ಮೇಲೆ ಮುಕ್ತದ ಪುಸ್ತಕಗಳನ್ನು ಹರಡಿಕೊಂಡು ಓದುತ್ತೀಯಂತೆ. ನೀನು ಮಾತು ಕಡಿಮೆ ಮಾಡಿದ್ದೀಯ ಎಂದೂ ಬರೆಸಿದ್ದಾಳೆ. ಅವಳ ಬಾಯಿಗೆ ಎದುರು ಮಾತೇ ಇಲ್ಲ ಅಂದರೆ ಅವಳಿಗೂ ಬೇಸರ.

ಅಕ್ಕನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ನಡುಮನೆಯಲ್ಲಿ ಮಂಚ ಹಾಕಿಸಿದ್ದೇನೆ, ಬಚ್ಚಲಿಗೆ ಹಿಡಿದುಕೊಳ್ಳಲು ಕಂಬಿ ಹೊಡೆಸಿದ್ದೇನೆ. ಮೇಸ್ತ್ರಿಗೆ ಹೇಳಿ ಬೆಳಗಿನ ಪಾಳಿ ಮಾತ್ರ ಇಟ್ಟುಕೊಂಡೆ. ಇದನ್ನು ಮಾರ್ಚಿನಲ್ಲಿ ಅಕ್ಕ ಬಿದ್ದಾಗಲೇ ಮಾಡಬಹುದಿತ್ತು. ನೀನು ಹೋಗುತ್ತೀನಿ ಅಂದೆ, ನಾನು ಹೂಂ ಅಂದೆ. ಅದೂ ಒಂದು ಹೂಂ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಅರ್ಜಿ ಕೊಡುವಾಗ ಯಾರನ್ನೋ ನೋಡಿಕೊಳ್ಳಬೇಕು ಎಂಬ ನೆಪ ನಿನಗೂ ಬೇಡ, ನನಗೂ ಬೇಡ.

ಅಮ್ಮ


ನವೆಂಬರ್ ೨

ಅಮ್ಮಾ,

ದೊಡ್ಡಮ್ಮ ಬರಲು ಒಪ್ಪಿದ್ದಾರೆ, ಅವರ ಚಾದರಗಳನ್ನು ಅವರೇ ಆರಿಸಿ ಗಂಟು ಕಟ್ಟಿದ್ದಾರೆ. ಇಪ್ಪತ್ತಕ್ಕೆ ಬಾ. ನಾನು ಜೊತೆಗೆ ಬರುವುದಿಲ್ಲ. ಇಲ್ಲಿಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಏಪ್ರಿಲ್ ತನಕ ಒಪ್ಪಿಕೊಂಡಿದ್ದೇನೆ, ದರ್ಜಿಯವರ ಮಹಡಿಯ ಕೋಣೆಯಲ್ಲಿ ಇರುತ್ತೇನೆ. ಕೋಪ ಇದೆ. ಇಲ್ಲ ಅನ್ನುವುದಿಲ್ಲ. ನೀನು ಬಂದಾಗ ಬಸ್‌ ನಿಲ್ದಾಣಕ್ಕೆ ಬಂದು ಗಂಟು ಎತ್ತಿಕೊಡುತ್ತೇನೆ.

ಮುಕ್ತದ ಪಾಠ ಕೆಟ್ಟದ್ದೇನಲ್ಲ. ನನ್ನ ಜೊತೆ ಓದುತ್ತಿರುವವರಲ್ಲಿ ಒಬ್ಬರು ನರ್ಸ್, ಒಬ್ಬರು ಜೈಲಿನ ಕಾವಲುಗಾರರು, ಮೂರು ಮಕ್ಕಳ ತಾಯಿಯೊಬ್ಬರು. ಅವರಿಗೆ ಅದು ಸಿಕ್ಕಿದ್ದೇ ಹೆಚ್ಚು. ಅವರು ಬೇಕೆಂದು ಬರೆದ ಮೊದಲ ಖಾನೆ ಅದು. ನನ್ನದಲ್ಲ, ಅಷ್ಟೇ.

ಮಗಳು


ಏಪ್ರಿಲ್ ೧೯

ಅಮ್ಮಾ,

ಹೊಸ ಕೈಪಿಡಿ ಬಂದಿದೆ. ಹೋದ ವರ್ಷದ ಅಂಕಕ್ಕೆ ಇನ್ನೊಂದು ವರ್ಷ ಬೆಲೆ ಇದೆ, ಕಚೇರಿಗೆ ಬರೆದು ಕೇಳಿದೆ.

ನಿನಗೆ ಹೇಳದೆ ಇಟ್ಟುಕೊಂಡದ್ದು ನನ್ನ ಹತ್ತಿರವೂ ಒಂದಿದೆ. ಹೋದ ಮೇ ತಿಂಗಳಲ್ಲಿ ದರ್ಜಿಯವರ ಹೆಂಡತಿ, ಎರಡು ದಿನ ದೊಡ್ಡಮ್ಮನ ಹತ್ತಿರ ನಾನಿರ್ತೀನಿ, ನೀನು ಊರಿಗೆ ಹೋಗಿ ಅರ್ಜಿ ಕೊಟ್ಟು ಬಾ ಎಂದಿದ್ದರು. ಎರಡು ಸಲ ಹೇಳಿದ್ದರು. ನಾನೇ ಬೇಡ ಎಂದೆ. ಬಂದಿದ್ದರೆ ನೀನು ಆ ಮನೆಯಲ್ಲಿ ಒಬ್ಬಳೇ ಇರುವುದನ್ನು ನೋಡಬೇಕಾಗುತ್ತಿತ್ತು. ಬಾತ ಕಾಲು ನೋಡಬೇಕಾಗುತ್ತಿತ್ತು. ನೋಡಿದ್ದರೆ ನನ್ನ ಕೈಯಾರೆ ನಾನೇ ರಾಜ್ಯದ್ದನ್ನು ಮೊದಲ ಖಾನೆಯಲ್ಲಿ ಬರೆದುಬಿಡುತ್ತಿದ್ದೆ, ಆಮೇಲೆ ಜೀವನವಿಡೀ ಅದನ್ನು ನಿನ್ನ ತಲೆಗೆ ಕಟ್ಟುತ್ತಿದ್ದೆ. ಅದಕ್ಕೇ ನಿನ್ನನ್ನು ಬಿಟ್ಟುಹೋಗುವ ಕಾಗದವನ್ನು ನಿನ್ನ ಕೈಯಲ್ಲೇ ಬರೆಸಿದೆ. ಅದು ಎಷ್ಟು ದೊಡ್ಡ ಅನ್ಯಾಯ ಎಂದು ನನಗೆ ಹೊಳೆದದ್ದು ಈ ಮಹಡಿಯ ಕೋಣೆಗೆ ಬಂದು ಒಬ್ಬಳೇ ಊಟ ಮಾಡಲು ಶುರುಮಾಡಿದಮೇಲೆ.

ಮೇ ಹತ್ತಕ್ಕೆ ಬರುತ್ತೇನೆ. ಅರ್ಜಿಯನ್ನು ನಿನ್ನ ಎದುರಿಗೆ ಕೂತು, ನಿನ್ನ ಮುಖ ನೋಡಿಕೊಂಡೇ ತುಂಬುತ್ತೇನೆ. ಮೊದಲ ಖಾನೆಯಲ್ಲಿ ಏನು ಬರೆಯುತ್ತೇನೆ ಎಂದು ನಿನಗೆ ಗೊತ್ತು. ನೀನು ಅತ್ತರೂ ಅದನ್ನೇ ಬರೆಯುತ್ತೇನೆ, ನಾನು ಅತ್ತರೂ ಅದನ್ನೇ.

ಆಮೇಲೆ ಇಬ್ಬರೂ ಕಚೇರಿಗೆ ಹೋಗೋಣ. ಸರತಿಯಲ್ಲಿ ನಿನ್ನ ಜೊತೆ ನಿಲ್ಲುತ್ತೇನೆ. ಆದರೆ ಕಿಟಕಿಯ ಹತ್ತಿರ ನೀನೊಬ್ಬಳೇ ಹೋಗಿ ಕೊಡು, ನಾನು ಹಿಂದೆ ನಿಂತಿರುತ್ತೇನೆ. ಅವರು ಗಟ್ಟಿಯಾಗಿ ಓದುತ್ತಾರೆ. ಪೂರ್ತಿ ಓದಲು ಬಿಡು. ಸರಿ ತಾನೇ ಎಂದು ಕೇಳಿದಾಗ, ನನಗೆ ಕೇಳಿಸುವ ಹಾಗೆ ಹೂಂ ಅನ್ನು.

ನಿನ್ನ
ಮಗಳು